ಟೊಪ್ಪಿ ಹಾಕಿದ ಮಾಸ್ತರ

(ಕಾಸರಗೋಡಿನಲ್ಲಿ ಕನ್ನಡ ಅಧ್ಯಾಪಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ, ವಿಷಯಾಂತರಗಳನ್ನು ತೆಗೆಯಲು ಮನಸ್ಸಾಗಲಿಲ್ಲ.)

ಅಧ್ಯಾಪಕ ಬಂಧುಗಳೇ,

ಸಂಘಟಕರು ನನಗೆ ಕೊಟ್ಟ ವಿಷಯ ‘ಶಾಲೆಯಲ್ಲಿ ಅಂತರಧರ್ಮೀಯ ಕಲಿಕೆ ಮತ್ತು ವಿದ್ಯಾರ್ಥಿಗಳ ಮನೋಭಾವ’. ಇಷ್ಟು ದೊಡ್ಡ ಹೆಸರನ್ನು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಟೊಪ್ಪಿ. ಬಿಳಿ ಬಣ್ಣದ, ಕಸೂತಿ ಹಾಕಿದ, ನಮ್ಮ ಶಾಲೆಯ ಕಪಾಟಿನಲ್ಲಿ ಭಾರತದ ನಕ್ಷೆಯ ಕೆಳಗೆ ಮಡಚಿಟ್ಟಿದ್ದ ಟೊಪ್ಪಿ. ಪ್ರತಿವರ್ಷ ಆಗಸ್ಟ್ 15ರಂದು ಅದು ಹೊರಗೆ ಬರುತ್ತಿತ್ತು. ಅದರ ಜೊತೆಗೆ ಒಂದು ಕೇಸರಿ ಶಾಲು, ಒಂದು ಶಿಲುಬೆಯ ಸರ. ಮೂವರು ಮಕ್ಕಳು ಅವನ್ನು ತೊಟ್ಟು ಕೈಕೈ ಹಿಡಿದು ನಿಂತರೆ ರಾಷ್ಟ್ರೀಯ ಭಾವೈಕ್ಯ ಆಯಿತು. ಪಿ.ಟಿ.ಎ. ಅಧ್ಯಕ್ಷರು ಚಪ್ಪಾಳೆ ತಟ್ಟುತ್ತಿದ್ದರು, ಪತ್ರಿಕೆಗೆ ಫೋಟೊ ಹೋಗುತ್ತಿತ್ತು. ಈ ಕಾರ್ಯಕ್ರಮದ ಜವಾಬ್ದಾರಿ ನನ್ನದೇ ಆಗಿತ್ತು. ಆದ್ದರಿಂದ ಈಗ ಹೇಳುವ ತಪ್ಪು ಕೂಡ ನನ್ನದೇ.

ಒಬ್ಬ ಹುಡುಗ, ಐದನೆಯ ತರಗತಿಯಲ್ಲಿ ಟೊಪ್ಪಿ ಹಾಕಿದ, ಆರನೆಯದರಲ್ಲಿಯೂ ಹಾಕಿದ. ಏಳನೆಯ ತರಗತಿಗೆ ಬಂದಾಗ ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಕೇಳಿದ: “ಸರ್, ಪ್ರತಿಸಲ ಟೊಪ್ಪಿ ನನಗೇ ಯಾಕೆ? ಈ ಸಲ ನಾನು ಗಾಂಧೀಜಿ ಆಗುತ್ತೇನೆ. ಅಜ್ಜನ ಕೋಲಿದೆ, ಕನ್ನಡಕವೂ ಇದೆ.” ನಾನು ನಕ್ಕೆ. ಗಾಂಧೀಜಿಯ ಪಾತ್ರಕ್ಕೆ ಬೇರೊಬ್ಬ ತಲೆ ಬೋಳಿಸಿಕೊಂಡು ಸಿದ್ಧನಾಗಿದ್ದ. ಹುಡುಗನಿಗೆ ಮತ್ತೆ ಟೊಪ್ಪಿಯನ್ನೇ ಕೊಟ್ಟೆ. ಟೊಪ್ಪಿ ಹಾಕುವುದಕ್ಕೆ ನಮ್ಮ ಭಾಷೆಯಲ್ಲಿ ಇನ್ನೊಂದು ಅರ್ಥವಿದೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ನಾನು ಅವನಿಗೆ ಎರಡೂ ಅರ್ಥದಲ್ಲಿ ಟೊಪ್ಪಿ ಹಾಕಿದ್ದೆ.

ಆ ಮೂರು ವರ್ಷಗಳಲ್ಲಿ ಅವನು ಕಲಿತದ್ದು ಏನು? ಶಾಲೆಯ ಕಣ್ಣಿಗೆ ತಾನು ಮೊದಲು ಟೊಪ್ಪಿ, ಆಮೇಲೆ ಹುಡುಗ. ಅವನ ಕೈ ಹಿಡಿದು ನಿಂತ ಉಳಿದಿಬ್ಬರು ಅವನ ಮನೆಯ ಬಗ್ಗೆ, ಅವನ ನೋಂಬಿನ (ರಂಜಾನ್ ಉಪವಾಸದ) ಬಗ್ಗೆ ಏನನ್ನೂ ತಿಳಿದುಕೊಳ್ಳಲಿಲ್ಲ. ಕೈ ಬೆವರುತ್ತದೆ ಎಂದಷ್ಟೇ ತಿಳಿದುಕೊಂಡರು.

ನಮ್ಮ ಊರಿನವರಿಗೆ ಈ ವಿಷಯ ಎತ್ತಿದರೆ ಒಂದು ಸಿದ್ಧ ಉತ್ತರವಿದೆ: “ನಮಗೆ ಸೌಹಾರ್ದ ಕಲಿಸಬೇಕಾಗಿಲ್ಲ.” ಹೇಳಿಕೊಳ್ಳಲು ನಮ್ಮಲ್ಲಿ ಸಂಗತಿಗಳು ಧಾರಾಳವಾಗಿ ಇವೆ ಎನ್ನುವುದು ಸುಳ್ಳಲ್ಲ. ಕುಂಬಳೆಯ ಹತ್ತಿರ ಆರಿಕ್ಕಾಡಿಯಲ್ಲಿ ಆಲಿ ಎಂಬ ಮುಸ್ಲಿಂ ಭೂತಕ್ಕೆ ಕೋಲ, ಅಂದರೆ ವೇಷ ಕಟ್ಟಿ ಕುಣಿಯುವ ಆರಾಧನೆ, ಆಗುತ್ತದೆ. ಮಾಲೋತ್ತಿನ ಭಗವತಿ ಕ್ಷೇತ್ರದಲ್ಲಿ ಮುಕ್ರಿ ಪೋಕ್ಕರ್ ಎಂಬ ಮುಸ್ಲಿಂ ತೆಯ್ಯಂ, ಅಂದರೆ ಇಂಥದೇ ದೈವದ ವೇಷ, ಇದೆ. ಉದ್ಯಾವರದಲ್ಲಿ ದೈವಸ್ಥಾನದವರು ಜಾತ್ರೆಗೆ ಮುಂಚೆ ಮಸೀದಿಗೆ ಹೋಗಿ ಜಮಾಅತಿನವರಿಗೆ ಹೇಳಿಕೆ ಕೊಟ್ಟು ಬರುತ್ತಾರೆ. ಬಪ್ಪನಾಡು ಕ್ಷೇತ್ರದ ಕಥೆಯನ್ನು ಯಕ್ಷಗಾನದಲ್ಲಿ ನೋಡದವರು ಈ ಸಭೆಯಲ್ಲಿ ಕಡಿಮೆ. ಅಲ್ಲಿ ದೇವಿ ಒಲಿಯುವುದು ಮುಸ್ಲಿಮನಾದ ಬಪ್ಪ ಬ್ಯಾರಿಗೆ. ಮಂಜೇಶ್ವರದ ಗೋವಿಂದ ಪೈಗಳು ಏಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಬರೆದರು, ಬುದ್ಧನ ಕೊನೆಯ ದಿನದ ಮೇಲೆ ‘ವೈಶಾಖಿ’ ಬರೆದರು. ಗೌಡ ಸಾರಸ್ವತ ಮನೆತನದ ಕವಿಗೆ ಶಿಲುಬೆಯ ಕಥೆ ಹೊರಗಿನದು ಎನಿಸಲಿಲ್ಲ.

ಇವೆಲ್ಲ ನಿಜ. ಆದರೆ ಇವು ಅಜ್ಜಂದಿರ ಕಾಲದ ಆಸ್ತಿ. ಆಸ್ತಿ ಇದೆಯೆಂದ ಮಾತ್ರಕ್ಕೆ ಮೊಮ್ಮಕ್ಕಳು ಅನುಭೋಗಿಸುತ್ತಿದ್ದಾರೆ ಎಂದಲ್ಲ. ಆಲಿ ಭೂತದ ಕೋಲವಾಗುವ ಊರಿನಲ್ಲಿ ಒಂದೇ ಓಣಿಯ ನಾಲ್ಕು ಮಕ್ಕಳು ಬೆಳಿಗ್ಗೆ ನಾಲ್ಕು ಬಣ್ಣದ ವ್ಯಾನ್ ಹತ್ತುತ್ತಾರೆ. ಮ್ಯಾನೇಜ್‌ಮೆಂಟಿನ ಜಾತಿ ಮತ ನೋಡಿಯೇ ಶಾಲೆ ಆರಿಸುವ ಕಾಲ ಇದು. ಸಪ್ತಭಾಷಾ ಸಂಗಮ ಭೂಮಿ ಎನಿಸಿಕೊಂಡ ಈ ಕಾಸರಗೋಡಿನಲ್ಲಿ ಎಲ್ಲರ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತದ್ದು ಸರಕಾರಿ ಮತ್ತು ಅನುದಾನಿತ ಕನ್ನಡ ಶಾಲೆಗಳಲ್ಲಿ. ಆ ಬೆಂಚುಗಳು ಖಾಲಿಯಾಗುತ್ತಿವೆ. ಡಿವಿಜನ್ (ತರಗತಿಯ ವಿಭಾಗ) ಕಡಿಮೆಯಾಯಿತು ಎಂದು ನಾವು ಅಳುವುದು ನಮ್ಮ ಉದ್ಯೋಗಕ್ಕಾಗಿ. ಅದರ ಜೊತೆ ಇನ್ನೇನು ಹೋಯಿತು ಎಂದು ಲೆಕ್ಕ ಹಾಕಿದವರು ಕಡಿಮೆ.

ಬೆಂಚು ತುಂಬಿರುವಲ್ಲಿಯೂ ಒಂದು ಸಣ್ಣ ಗೆರೆ ಇದೆ. ಎಲ್.ಪಿ. (ಕೆಳ ಪ್ರಾಥಮಿಕ) ಶಾಲೆಯಲ್ಲಿ ಕಲಿಸಿದವರಿಗೆ ಇದು ಗೊತ್ತು. ಅರಬಿ ಪೀರಿಯಡಿನ ಗಂಟೆ ಬಾರಿಸುತ್ತದೆ, ಅರ್ಧ ತರಗತಿ ಪುಸ್ತಕ ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋಗುತ್ತದೆ. ಆರು ವರ್ಷದ ಮಗುವಿಗೆ ಯಾರೂ ಏನನ್ನೂ ವಿವರಿಸುವುದಿಲ್ಲ. ಪಕ್ಕದಲ್ಲಿ ಕುಳಿತವನು ದಿನಾ ಒಂದು ಹೊತ್ತಿಗೆ ಎದ್ದು ಹೋಗುತ್ತಾನೆ, ತಾನು ಹೋಗುವುದಿಲ್ಲ, ಇಷ್ಟೇ. ಮಕ್ಕಳು ಗೆರೆಯನ್ನು ಕಲಿಯುವುದು ಹೀಗೆ. ಅರಬಿ ಒಂದು ಭಾಷೆ, ಅದನ್ನು ಕಲಿಯುವ ಅವಕಾಶ ಒಳ್ಳೆಯದು. ಅದನ್ನು ತೆಗೆಯಬೇಕೆಂದು ನಾನು ಹೇಳುತ್ತಿಲ್ಲ. ಗಂಟೆ ಬಾರಿಸಿದ ಮೇಲಿನ ನಮ್ಮ ಮೌನದ ಬಗ್ಗೆ ಹೇಳುತ್ತಿದ್ದೇನೆ.

ಈ ಮೌನಕ್ಕೆ ಕಾರಣ ಹೆದರಿಕೆ. ಸರಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಮತಬೋಧನೆ ಕೂಡದು ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ; ಅನುದಾನಿತ ಶಾಲೆಯಲ್ಲಾದರೆ ಒಪ್ಪಿಗೆಯಿಲ್ಲದೆ ಯಾರನ್ನೂ ಅಂಥ ಬೋಧನೆಗೆ ಕೂರಿಸುವಂತಿಲ್ಲ. ನಾವು ಅದನ್ನು ‘ಮತದ ಸುದ್ದಿಯೇ ಬೇಡ’ ಎಂದು ಓದಿಕೊಂಡೆವು. 1964–66ರ ಕೊಠಾರಿ ಶಿಕ್ಷಣ ಆಯೋಗ ಮತದ ಶಿಕ್ಷಣ ಬೇರೆ, ಮತಗಳ ಬಗೆಗಿನ ಶಿಕ್ಷಣ ಬೇರೆ ಎಂದು ಆಗಲೇ ಬಿಡಿಸಿ ಹೇಳಿತ್ತು. 2002ರಲ್ಲಿ ಶಾಲಾ ಪಠ್ಯಕ್ರಮದ ಬಗೆಗಿನ ಅರುಣಾ ರಾಯ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ಮತಗಳ ಬಗ್ಗೆ ತಿಳಿಸುವುದು 28ನೆಯ ವಿಧಿ ನಿಷೇಧಿಸುವ ಮತಬೋಧನೆಯಾಗುವುದಿಲ್ಲ ಎಂದಿತು. ಕಾನೂನಿನ ಬಾಗಿಲು ಮುಚ್ಚಿಲ್ಲ.

ಆದರೂ ಹೆದರಿಕೆ ಸುಮ್ಮನೆ ಬಂದದ್ದಲ್ಲ ಎನ್ನುವುದನ್ನು ಒಪ್ಪಬೇಕು. 2008ರಲ್ಲಿ ಕೇರಳದ ಏಳನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಜೀವನ್ ಎಂಬ ಹುಡುಗನ ಪಾಠ ಬಂತಲ್ಲ, ಶಾಲೆಗೆ ಸೇರಿಸುವಾಗ ಅವನ ತಂದೆತಾಯಿ ಮತದ ಕಾಲಂ ತುಂಬದೆ ‘ದೊಡ್ಡವನಾದ ಮೇಲೆ ಬೇಕಾದರೆ ಅವನೇ ಆರಿಸಲಿ’ ಎನ್ನುವ ಪಾಠ. ಅದರ ಮೇಲೆ ಎದ್ದ ಗಲಾಟೆ ನಿಮಗೆ ನೆನಪಿರಬಹುದು. ಮಲಪ್ಪುರದಲ್ಲಿ ಅಧ್ಯಾಪಕರ ಕ್ಲಸ್ಟರ್ ಸಭೆಯ ಎದುರು ನಡೆದ ಪ್ರತಿಭಟನೆಯಲ್ಲಿ ಒಬ್ಬ ಮುಖ್ಯೋಪಾಧ್ಯಾಯರು ಪೆಟ್ಟು ತಿಂದು ಪ್ರಾಣ ಬಿಟ್ಟರು. ಒಂದು ಸಣ್ಣ ಪಾಠಕ್ಕೆ ಒಬ್ಬ ಮಾಸ್ತರನ ಜೀವ. ಅದರ ನಂತರ ಯಾವ ಅಧ್ಯಾಪಕ ತಾನಾಗಿ ಈ ವಿಷಯಕ್ಕೆ ಕೈ ಹಾಕಿಯಾನು?

ಬೇರೆ ಕಡೆ ಏನಾಗಿದೆ ಎಂಬುದನ್ನು ಸ್ವಲ್ಪ ನೋಡೋಣ. ಅಮೆರಿಕದ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ನಗರದಲ್ಲಿ 2000ದಲ್ಲಿ ಒಂಬತ್ತನೆಯ ತರಗತಿಗೆ ಜಗತ್ತಿನ ಮತಗಳ ಪಾಠವನ್ನು ಕಡ್ಡಾಯ ಮಾಡಿದರು. ಅಲ್ಲಿಯ ಮಕ್ಕಳನ್ನು ಪಾಠಕ್ಕೆ ಮುಂಚೆ ಮತ್ತು ಆಮೇಲೆ ಪ್ರಶ್ನಿಸಿ ಇಬ್ಬರು ಸಂಶೋಧಕರು 2006ರಲ್ಲಿ ವರದಿ ಕೊಟ್ಟರು. ಬೇರೆ ಮತದವರ ಹಕ್ಕುಗಳ ಬಗ್ಗೆ ಗೌರವ ಹೆಚ್ಚಿತ್ತು, ತಿಳಿವಳಿಕೆಯೂ ಹೆಚ್ಚಿತ್ತು. ಹೆತ್ತವರು ಯಾವುದಕ್ಕೆ ಹೆದರುತ್ತಾರೋ ಅದು ಮಾತ್ರ ಆಗಲಿಲ್ಲ: ತಮ್ಮ ಮತವನ್ನು ಬಿಡುವತ್ತ ಮಕ್ಕಳು ಸರಿಯಲಿಲ್ಲ. ‘ಇತರರದ್ದನ್ನು ಕಲಿಸಿದರೆ ನಮ್ಮದು ಹೋದೀತು’ ಎನ್ನುವ ಪಾಲಕರಿಗೆ ನಾನು ಈ ಊರಿನ ಹೆಸರು ಹೇಳುತ್ತೇನೆ. ಅವರು ನಂಬುವುದಿಲ್ಲ, ಅದು ಬೇರೆ ಮಾತು.

ಯುರೋಪಿನಲ್ಲಿ 2006ರಿಂದ 2009ರವರೆಗೆ ಎಂಟು ದೇಶಗಳಲ್ಲಿ, 14ರಿಂದ 16 ವರ್ಷದ ಮಕ್ಕಳ ನಡುವೆ ಒಂದು ದೊಡ್ಡ ಅಧ್ಯಯನ ನಡೆಯಿತು. ಅದು ಹೇಳಿದ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಕು. ಶಾಲೆಯಲ್ಲಿ ಬೇರೆ ಬೇರೆ ಮತಗಳ ಬಗ್ಗೆ ಕಲಿತವರು ಬೇರೆಯವರೊಡನೆ ಆ ಬಗ್ಗೆ ಮಾತನಾಡಲು ಹೆಚ್ಚು ಸಿದ್ಧರಿದ್ದರು. ಇನ್ನೊಂದು, ಎಲ್ಲ ಮತದವರೂ ಇರುವ ಊರಿನಲ್ಲಿಯೂ ಮಕ್ಕಳು ಗೆಳೆತನ ಮಾಡುತ್ತಿದ್ದದ್ದು ಹೆಚ್ಚಾಗಿ ತಮ್ಮವರೊಡನೆಯೇ. ಒಟ್ಟಿಗೆ ವಾಸಿಸುವುದರಿಂದ ತಾನಾಗಿ ಪರಿಚಯ ಬೆಳೆಯುವುದಿಲ್ಲ. ಕಾಸರಗೋಡಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿದರೂ ಇದು ತಿಳಿಯುತ್ತದೆ, ಎಂಟು ದೇಶ ಸುತ್ತಬೇಕಾಗಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಆಟದ ಮೈದಾನದ ಎರಡು ಪ್ರಯೋಗಗಳು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ 1,261 ಯುವಕರನ್ನು ಸೇರಿಸಿ ಒಬ್ಬ ಅರ್ಥಶಾಸ್ತ್ರಜ್ಞ ಕ್ರಿಕೆಟ್ ಲೀಗ್ ನಡೆಸಿದ. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಆಡಿದವರಲ್ಲಿ ಅದು ಕುಗ್ಗಿತು. ಇರಾಕಿನಲ್ಲಿ ಐಸಿಸ್ ಹಾವಳಿಗೆ ಮನೆಮಠ ಬಿಟ್ಟು ಬಂದಿದ್ದ ಕ್ರೈಸ್ತ ಯುವಕರ ಕೆಲವು ಫುಟ್ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶ ಪ್ರಾಮಾಣಿಕವಾಗಿದೆ. ಮಿಶ್ರ ತಂಡದಲ್ಲಿ ಆಡಿದವರು ಆರು ತಿಂಗಳ ನಂತರವೂ ಮುಸ್ಲಿಮರೊಡನೆ ಅಭ್ಯಾಸ ಮಾಡುತ್ತಿದ್ದರು. ಆದರೆ ಮುಸ್ಲಿಮರೇ ಹೆಚ್ಚಿರುವ ಮೋಸುಲ್ ನಗರದ ಹೋಟೆಲಿಗೆ ಹೋಗಿ ಊಟ ಮಾಡಿ ಬನ್ನಿ ಎಂದರೆ, ಅದಕ್ಕೆ ಅವರ ಮನಸ್ಸು ಹೆಚ್ಚೇನೂ ಬದಲಾಗಿರಲಿಲ್ಲ. ಗೊತ್ತಿರುವ ಅಹಮದನ ಮೇಲಿನ ವಿಶ್ವಾಸ ಗೊತ್ತಿಲ್ಲದ ಅಹಮದನವರೆಗೆ ತಲುಪಲಿಲ್ಲ.

ಈ ಅಂತರ ದಾಟುವುದಕ್ಕೆ ಆಟ ಮಾತ್ರ ಸಾಲದು, ಪಾಠ ಬೇಕು ಎಂದು ನನ್ನ ಎಣಿಕೆ. ಪಾಠ ಮಾತ್ರ ಇದ್ದರೂ ಸಾಲದು. ಗೆಳೆಯನಿಂದ ಶುರುವಾಗಿ ಗೆಳೆಯನ ಆಚೆಗೆ ಹೋಗುವ ಪಾಠ ಬೇಕು. ಅಂಥದೊಂದು ಪಾಠ ನನ್ನ ತರಗತಿಯಲ್ಲಿ ಒಮ್ಮೆ ನಡೆಯಿತು. ನಾನು ಯೋಜಿಸಿದ್ದಲ್ಲ, ಆದದ್ದು.

ಸೆಪ್ಟೆಂಬರ್ ತಿಂಗಳು. ಕ್ರೈಸ್ತರ ತೆನೆ ಹಬ್ಬವಾದ ಮೊಂತಿ ಹಬ್ಬದ ಮರುದಿನ ಒಬ್ಬಳು ಹುಡುಗಿ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕೊಟ್ಟ ಭತ್ತದ ತೆನೆಯನ್ನು ಪುಸ್ತಕದ ನಡುವೆ ಇಟ್ಟು ತಂದಿದ್ದಳು. ಹಿಂದಿನ ದಿನ ಮನೆಯಲ್ಲಿ ಅದೇ ಹೊಸ ಭತ್ತ ಸುಲಿದು ಹಾಲಿಗೆ ಹಾಕಿ ಎಲ್ಲರೂ ಕುಡಿದಿದ್ದರಂತೆ, ಮೀನಿಲ್ಲದ ಊಟ ಮಾಡಿದ್ದರಂತೆ. ಹಿಂದಿನ ಬೆಂಚಿನ ಹುಡುಗ ಎದ್ದು, “ನಮ್ಮಲ್ಲಿಯೂ ತೆನೆ ಕಟ್ಟುವುದು ಇದೆ ಸರ್. ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆ ಸೇರಿಸಿ ನಾರಿನಲ್ಲಿ ಕಟ್ಟುತ್ತಾರೆ” ಎಂದ. ತರಗತಿ ಗಲಗಲ ಎಂದಿತು. ತೆನೆ ಒಂದೇ, ಬಾಗಿಲು ಎರಡು. ನಾನು ಅಲ್ಲಿಗೆ ನಿಲ್ಲಿಸಿ, ‘ನೋಡಿದಿರಾ ಮಕ್ಕಳೇ, ಎಲ್ಲರೂ ಒಂದೇ’ ಎಂದುಬಿಡುವವನಿದ್ದೆ. ನಾಲಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಒಬ್ಬ ಹುಡುಗ ಸುಮ್ಮನೆ ಕೂತಿರುವುದು ಕಂಡಿತು. ಬ್ಯಾರಿ ಮನೆಯವನು, ಅವರದ್ದು ಎರಡು ಗದ್ದೆ. “ನಿಮ್ಮ ಮನೆಯಲ್ಲಿ ಹೊಸ ಭತ್ತ ಬಂದಾಗ ಏನು ಮಾಡುತ್ತೀರಿ?” ಎಂದು ಕೇಳಿದೆ. ಗೊತ್ತಿಲ್ಲ ಎಂದ. ಮರುದಿನ ಮದ್ರಸದಿಂದ ನೇರವಾಗಿ ಬಂದವನು ಚೀಲ ಇಳಿಸುವ ಮೊದಲೇ ಹೇಳಿದ: “ಉಸ್ತಾದರನ್ನು ಕೇಳಿದೆ ಸರ್. ನಮ್ಮಲ್ಲಿ ಕಟ್ಟುವುದಿಲ್ಲ, ಕೊಡುವುದು. ಮಳೆನೀರಿನಲ್ಲಿ ಬೆಳೆದದ್ದಾದರೆ ಹತ್ತರಲ್ಲಿ ಒಂದು ಪಾಲು. ನೀರು ಎತ್ತಿ ಹಾಯಿಸಿ ಬೆಳೆದದ್ದಾದರೆ ಇಪ್ಪತ್ತರಲ್ಲಿ ಒಂದು.”

ಆ ದಿನದ ಗಣಿತ ಪಾಠ ಅದೇ ಆಯಿತು. ಇಷ್ಟು ಸೇರು ಭತ್ತವಾದರೆ ಕೊಡಬೇಕಾದದ್ದು ಎಷ್ಟು, ಪಂಪಿನ ನೀರಾದರೆ ಎಷ್ಟು. ಲೆಕ್ಕ ಮಾಡುತ್ತಾ ಮಾಡುತ್ತಾ, ತೆನೆ ಕಟ್ಟುವ ಮನೆಯ ಹುಡುಗ ತಲೆಯೆತ್ತಿ, “ಇದು ಸರಿಯಾಗಿದೆ ಸರ್. ಪಂಪಿಗೆ ಖರ್ಚು ಬರುತ್ತದಲ್ಲ, ಅವರಿಗೆ ಕಡಿಮೆ ಮಾಡಬೇಕು” ಎಂದ. ನಾನು ಮನೋಭಾವದ ಬದಲಾವಣೆ ಎಂದು ಕರೆಯುವುದು ಈ ವಾಕ್ಯವನ್ನು. ಅವನು ಇಸ್ಲಾಮನ್ನು ಹೊಗಳಲಿಲ್ಲ, ಎಲ್ಲ ಮತಗಳೂ ಒಂದೇ ಎನ್ನಲಿಲ್ಲ. ತನ್ನದಲ್ಲದ ಒಂದು ನಿಯಮದ ಒಳಗೆ ಹೊಕ್ಕು, ಅಲ್ಲೊಂದು ನ್ಯಾಯವಿದೆ ಎಂದು ತಾನೇ ಕಂಡುಕೊಂಡ. ಬ್ಯಾರಿ ಹುಡುಗನಿಗೂ ಲಾಭವಾಯಿತು. ಯಾರೋ ಕೇಳಿದ್ದರಿಂದ ಅವನು ತನ್ನದನ್ನು ಹುಡುಕಿಕೊಂಡು ಹೋದ. ಉಸ್ತಾದರೂ ಬಹಳ ಸಂತೋಷಪಟ್ಟರಂತೆ. ಶಾಲೆಯಲ್ಲಿ ಇಂಥದ್ದನ್ನೂ ಕೇಳುತ್ತಾರೆಯೇ ಎಂದರಂತೆ.

ಇಷ್ಟಕ್ಕೆ ಕಥೆ ಮುಗಿದಿದ್ದರೆ ನಾನು ಹೆಮ್ಮೆಯಿಂದ ಬೀಗಬಹುದಿತ್ತು. ಗಂಟೆ ಬಾರಿಸುವ ಹೊತ್ತಿಗೆ ಕಿಟಕಿಯ ಪಕ್ಕದ ಹುಡುಗಿ ಹೇಳಿದಳು: “ನಮಗೆ ತೆನೆ ಇಲ್ಲ ಸರ್. ನಮ್ಮ ಅಜ್ಜಿ ಬೇರೆಯವರ ಗದ್ದೆಯಲ್ಲಿ ಕೊಯ್ಯುತ್ತಿದ್ದರು.” ನನ್ನ ಹಾಜರಿ ಪುಸ್ತಕದಲ್ಲಿ ಅವಳು ಮತ್ತು ತೆನೆ ಕಟ್ಟುವ ಹುಡುಗ ಇಬ್ಬರೂ ಹಿಂದೂಗಳು. ಮೂರು ಮತ, ಮೂರು ಪದ್ಧತಿ ಎಂದು ನಾನು ಕಪ್ಪುಹಲಗೆಯ ಮೇಲೆ ಹಾಕಿದ್ದ ಮೂರು ಕಾಲಂಗಳಲ್ಲಿ ಅವಳಿಗೆ ಜಾಗವಿರಲಿಲ್ಲ. ಆವತ್ತಿನಿಂದ ನಾನು ‘ನಿಮ್ಮ ಮತದಲ್ಲಿ ಏನು ಮಾಡುತ್ತಾರೆ’ ಎಂದು ಯಾವ ಮಗುವನ್ನೂ ಕೇಳಲಿಲ್ಲ. ‘ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ’ ಎಂದೇ ಕೇಳುತ್ತಿದ್ದೆ. ಮೊದಲನೆಯ ಪ್ರಶ್ನೆ ಮಗುವಿನ ತಲೆಗೆ ಮತ್ತೆ ಅದೇ ಟೊಪ್ಪಿಯನ್ನು ಇಡುತ್ತದೆ. ಹನ್ನೊಂದು ವರ್ಷದ ಮಗು ಹದಿನಾಲ್ಕು ಶತಮಾನಗಳ ಪರವಾಗಿ ಉತ್ತರಿಸಬೇಕಾಗುತ್ತದೆ. ಎರಡನೆಯ ಪ್ರಶ್ನೆಗೆ ಯಾವ ಮಗುವೂ ಉತ್ತರಿಸಬಲ್ಲದು.

ಅರಬಿ ಪೀರಿಯಡಿನ ಗೆರೆಯ ಬಗ್ಗೆಯೂ ಒಂದು ಸಣ್ಣ ಪ್ರಯತ್ನ ಮಾಡಿದೆವು. ನಮ್ಮ ಅರಬಿ ಅಧ್ಯಾಪಕರು ತಿಂಗಳಿಗೊಮ್ಮೆ ಇಡೀ ತರಗತಿಗೆ ಪಾಠ ಮಾಡಲು ಒಪ್ಪಿದರು. ಮತದ ಮಾತಿಲ್ಲ, ಭಾಷೆ ಮಾತ್ರ. ಅವರು ಬಂದವರೇ ಹಾಜರಿ ಕರೆದರು. ಮಕ್ಕಳೆಲ್ಲ ‘ಹಾಜರ್’, ‘ಹಾಜರ್’ ಎಂದರು. “ನೋಡಿ, ನೀವೆಲ್ಲ ಒಂದನೆಯ ತರಗತಿಯಿಂದಲೂ ಅರಬಿ ಮಾತನಾಡುತ್ತಿದ್ದೀರಿ” ಎಂದರು. ಆಮೇಲೆ ಅರ್ಜಿ, ತಾರೀಕು, ಬಾಕಿ, ವಕೀಲ. ಮಕ್ಕಳಿಗಿಂತ ನನಗೇ ಹೆಚ್ಚು ಆಶ್ಚರ್ಯವಾಯಿತು. ಬಲದಿಂದ ಎಡಕ್ಕೆ ತನ್ನ ಹೆಸರು ಬರೆಯಿಸಿಕೊಂಡ ಒಬ್ಬಳು, “ಹಾಗಾದರೆ ಇವರ ಕಥೆಪುಸ್ತಕದಲ್ಲಿ ರಾಜಕುಮಾರಿಗೆ ಮೊದಲೇ ಮದುವೆಯಾಗಿರುತ್ತದೆಯೇ?” ಎಂದು ಕೇಳಿದಳು.

ಎಲ್ಲ ಪ್ರಯತ್ನಗಳೂ ಹೀಗೆ ನಗುವಿನಲ್ಲಿ ಮುಗಿಯಲಿಲ್ಲ. ದೇವಸ್ಥಾನ, ಮಸೀದಿ, ಇಗರ್ಜಿ ಮೂರನ್ನೂ ತೋರಿಸುವ ಪ್ರವಾಸ ಹೊರಡಿಸಿದೆ. ಒಂದು ಕಡೆ ಅನ್ಯಮತೀಯರಿಗೆ ಒಳಗೆ ಪ್ರವೇಶವಿಲ್ಲ ಎಂಬ ಬೋರ್ಡು. ಇನ್ನೊಂದು ಕಡೆ ಹುಡುಗಿಯರು ಅಂಗಳದಲ್ಲೇ ನಿಲ್ಲಬೇಕಾಯಿತು. ಮೂರನೆಯ ಕಡೆ ಒಳಗೆ ಬಿಟ್ಟರು, ಆದರೆ ಇಬ್ಬರು ಹೆತ್ತವರು ಮೊದಲೇ ಫೋನ್ ಮಾಡಿ ‘ನಮ್ಮವನನ್ನು ಒಳಗೆ ಕರೆದುಕೊಂಡು ಹೋಗಬೇಡಿ’ ಎಂದಿದ್ದರು. ಒಟ್ಟಿನಲ್ಲಿ ಪ್ರತಿಯೊಂದು ಮಗುವೂ ಎಲ್ಲೋ ಒಂದು ಕಡೆ ಹೊರಗೆ ನಿಂತಿತು. ವಾಪಸು ಬರುವಾಗ ಬಸ್ಸಿನಲ್ಲಿ ಮಾತಿಲ್ಲ. ಮರುದಿನ ಅದರ ಬಗ್ಗೆಯೇ ಮಾತನಾಡಿಸಬೇಕಿತ್ತು: ಹೊರಗೆ ನಿಂತಾಗ ಏನನ್ನಿಸಿತು ಎಂದು. ನನಗೆ ಧೈರ್ಯ ಸಾಲಲಿಲ್ಲ. ಪ್ರವಾಸ ಕಥನ ಬರೆಯಿರಿ ಎಂದೆ. ಎಲ್ಲರೂ ದಾರಿಯಲ್ಲಿ ತಿಂದ ಐಸ್‌ಕ್ರೀಮಿನ ಬಗ್ಗೆ ಬರೆದರು.

ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆಯಾದ ಕಲೋತ್ಸವದ ಬಗ್ಗೆಯೂ ಒಂದು ಮಾತು. ಮುಸ್ಲಿಂ ಮದುವೆಮನೆಯ ಒಪ್ಪನ, ಕ್ರೈಸ್ತರ ಮಾರ್ಗಂಕಳಿ, ಹಿಂದೂ ಹೆಂಗಸರ ತಿರುವಾದಿರ ಕುಣಿತ, ಯಕ್ಷಗಾನ ಎಲ್ಲವೂ ಒಂದೇ ಮೇಳದಲ್ಲಿ ಇರುವ ಇಂಥ ಏರ್ಪಾಡು ಬೇರೆ ರಾಜ್ಯದಲ್ಲಿ ನಾನು ಕಂಡಿಲ್ಲ. 2019ರಲ್ಲಿ ಕಾಞಂಗಾಡಿನಲ್ಲಿ ರಾಜ್ಯ ಕಲೋತ್ಸವ ನಡೆದಾಗ ನಮ್ಮ ಜಿಲ್ಲೆ ಇದನ್ನು ಮನೆಯಂಗಳದಲ್ಲೇ ಕಂಡಿತು. ಒಪ್ಪನದ ಮದುಮಗಳಾಗಿ ಕುಳಿತುಕೊಳ್ಳುವವಳು ಯಾವ ಮನೆಯವಳೂ ಆಗಿರಬಹುದು. ನನ್ನ ಹುಡುಗನಿಗೆ ನಾನು ನಿರಾಕರಿಸಿದ ಗಾಂಧೀಜಿಯ ಪಾತ್ರ ಇಲ್ಲಿ ಎಲ್ಲರಿಗೂ ಸಿಗುತ್ತದೆ. ಆದರೆ ತರಬೇತುದಾರರು ಹೆಜ್ಜೆ ಕಲಿಸುತ್ತಾರೆ, ಬಾಡಿಗೆಗೆ ವೇಷ ಬರುತ್ತದೆ, ‘ಎ’ ಗ್ರೇಡಿನ ಗುಂಗಿನಲ್ಲಿ ಹಾಡಿನ ಅರ್ಥ ಕೇಳಲು ಯಾರಿಗೂ ಪುರಸೊತ್ತಿಲ್ಲ. ಮಾರ್ಗಂಕಳಿಯ ಹಾಡು ಯಾರ ಕಥೆ ಎಂದು ಆಡಿ ಬಂದವಳನ್ನೇ ಕೇಳಿ ನೋಡಿ. ಅದು ಸಂತ ಥಾಮಸನ ಕಥೆ ಎಂದು ಹೇಳುವವರು ಹತ್ತರಲ್ಲಿ ಒಬ್ಬರು ಸಿಕ್ಕರೆ ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ.

ಮಾತಿನ ಕೊನೆಯಲ್ಲಿ ಪ್ರಶ್ನೆಗಳಿಗೆ ಸಮಯ ಇತ್ತು. ಒಬ್ಬರು ಕಿರಿಯ ಅಧ್ಯಾಪಕಿ ಎದ್ದು, “ಸರ್, ನನ್ನ ತರಗತಿಯಲ್ಲಿ ಇರುವುದೇ ಹದಿನಾಲ್ಕು ಮಕ್ಕಳು, ಎಲ್ಲರೂ ಒಂದೇ ಮತದವರು. ಬೇರೆಯವರೆಲ್ಲ ವ್ಯಾನ್ ಹತ್ತಿ ಹೋದರು. ನಾನು ಯಾರ ಮನೆಯ ಬಗ್ಗೆ ಕೇಳಲಿ?” ಎಂದರು. ಆ ದಿನದ ಅತ್ಯಂತ ಕಷ್ಟದ ಪ್ರಶ್ನೆ ಅದು.

ನಿವೃತ್ತಿಗೆ ಮೊದಲಿನ ವರ್ಷ ನಾವು ಮಾಡಿದ್ದನ್ನು ಹೇಳಿದೆ. ಆರು ಕಿಲೋಮೀಟರ್ ಆಚೆ ಇನ್ನೊಂದು ಕನ್ನಡ ಶಾಲೆಯಿತ್ತು. ಅಲ್ಲಿ ಹೆಚ್ಚಿನವರು ಬ್ಯಾರಿ ಮನೆಗಳ ಮಕ್ಕಳು; ನಮ್ಮಲ್ಲಿ ಆ ಹೊತ್ತಿಗೆ ಒಬ್ಬರೂ ಉಳಿದಿರಲಿಲ್ಲ. ಎರಡೂ ಶಾಲೆಯ ಆರನೆಯ ತರಗತಿಯವರು ತಿಂಗಳಿಗೊಂದು ಲಕೋಟೆ ಕಳುಹಿಸಿಕೊಳ್ಳುತ್ತಿದ್ದರು. ಒಳಗೆ ಪ್ರಶ್ನೆಗಳು ಮಾತ್ರ, ಕೇಳಲು ನಾಚಿಕೆಯಾಗುವಂಥವು ಕೂಡ. ಅಧ್ಯಾಪಕರು ಓದಬಹುದು, ತಿದ್ದುವಂತಿಲ್ಲ. ನಮ್ಮ ಮಕ್ಕಳಿಂದ ಹೋದ ಮೊದಲ ಲಕೋಟೆಯಲ್ಲಿ ಏಳು ಮಂದಿ ಒಂದೇ ಪ್ರಶ್ನೆ ಕೇಳಿದ್ದರು: ನೋಂಬಿನ ದಿನ ಉಗುಳು ನುಂಗಬಹುದೇ? ನುಂಗಬಹುದು ಎಂದು ಉತ್ತರ ಬಂತು. ನಮಗೂ ಮೊದಲು ಈ ಸಂಶಯ ಇತ್ತು ಎಂದು ಕೆಳಗೆ ಬರೆದಿದ್ದರು.

ಅವರ ಕಡೆಯಿಂದ ಬಂದ ಒಂದು ಪ್ರಶ್ನೆ, ಭೂತ ಕಟ್ಟುವ ಮನೆಯ ನಮ್ಮ ಹುಡುಗನೊಬ್ಬನಿಗೆ: “ಒಳಗೆ ಇರುವುದು ನಿನ್ನ ಮಾವ ಎಂದು ನಿನಗೆ ಗೊತ್ತಲ್ಲ, ಆದರೂ ಹೆದರಿಕೆಯಾಗುತ್ತದೆಯೇ?” ಅವನು ಎರಡು ದಿನ ಕಾಗದ ಇಟ್ಟುಕೊಂಡು ಕುಳಿತ. ಆಮೇಲೆ ಬರೆದ: “ಮುಖಕ್ಕೆ ಅರದಳದ ಬಣ್ಣ ಹಚ್ಚುವಾಗ ಮಾವನೇ. ನನಗೆ ಚಾ ತರಲು ಹೇಳುತ್ತಾರೆ. ಗಗ್ಗರದ ಗೆಜ್ಜೆ ಕಾಲಿಗೆ ಏರಿದ ಮೇಲೆ ನಾನು ಅಮ್ಮನ ಹಿಂದೆ ನಿಲ್ಲುತ್ತೇನೆ. ನಿಮ್ಮ ಊರಿನಿಂದ ಕೋಲ ನೋಡಲು ಬರಬಹುದಾದರೆ ಬನ್ನಿ, ನನ್ನ ಹತ್ತಿರ ನಿಲ್ಲಿ.”

ಲಕೋಟೆಗೆ ಐದು ರೂಪಾಯಿ. ಬಸ್ಸಿನ ಕಂಡಕ್ಟರ್ ಪರಿಚಯದವನಾದರೆ ಅದೂ ಬೇಡ.